ಸ್ವಿಚ್ ಜಾಲದ ಬೇರು ಕಾಯುವ ಬಗೆ

ಸ್ಪ್ಯಾನಿಂಗ್ ಟ್ರೀ ಎಂಬುದು ಈಥರ್‌ನೆಟ್ ಸ್ವಿಚ್‌ಗಳು ತಮ್ಮೊಳಗೆ ಸಂದೇಶ ಹಂಚಿಕೊಂಡು ತಾವೇ ಕಟ್ಟಿಕೊಳ್ಳುವ ಏರ್ಪಾಟು. ಕಟ್ಟಡದ ಸ್ವಿಚ್‌ಗಳ ನಡುವೆ ಎಷ್ಟೇ ಕೇಬಲ್ ಎಳೆದಿರಲಿ, ಯಾವ ಎರಡು ಸ್ವಿಚ್‌ಗಳ ನಡುವೆಯೂ ಒಂದು ಹೊತ್ತಿಗೆ ಒಂದೇ ದಾರಿ ತೆರೆದಿರುವಂತೆ ಅದು ನೋಡಿಕೊಳ್ಳುತ್ತದೆ. ಉಳಿದ ದಾರಿಗಳನ್ನು ಕಾಲುವೆಯ ತೂಬಿನಂತೆ ಮುಚ್ಚಿಟ್ಟು, ತೆರೆದ ದಾರಿ ಕಡಿದಾಗ ಬಿಡುತ್ತದೆ. ರೇಡಿಯಾ ಪರ್ಲ್‌ಮನ್ 1985ರಲ್ಲಿ ಡಿಜಿಟಲ್ ಇಕ್ವಿಪ್‌ಮೆಂಟ್ ಕಾರ್ಪೊರೇಶನ್‌ನಲ್ಲಿದ್ದಾಗ ರೂಪಿಸಿದ ಈ ವಿಧಾನ 1990ರಲ್ಲಿ ಐಇಇಇ 802.1ಡಿ ಮಾನಕವಾಗಿ ಹೊರಬಂತು. ಅದರ ವೇಗದ ರೂಪವಾದ ರ‍್ಯಾಪಿಡ್ ಸ್ಪ್ಯಾನಿಂಗ್ ಟ್ರೀ 2001ರಲ್ಲಿ ಬಂತು. 2004ರ ಪರಿಷ್ಕರಣೆಯಲ್ಲಿ ಹಳೆಯದರ ಜಾಗವನ್ನೇ ತೆಗೆದುಕೊಂಡಿತು. ಎರಡೂ ನಿಂತಿರುವುದು ನಂಬಿಕೆಯ ಮೇಲೆ. ಸ್ವಿಚ್‌ಗಳು ಹಂಚಿಕೊಳ್ಳುವ ಬಿಪಿಡಿಯು ಎಂಬ ಸಂದೇಶದಲ್ಲಿ ಗುಪ್ತಪದವಿಲ್ಲ, ಸಹಿಯಿಲ್ಲ. ಯಾವ ಪೋರ್ಟಿನಿಂದ ಯಾವ ಸಾಧನ ‘ಇನ್ನು ಮೇಲೆ ನಾನೇ ಈ ಮರದ ಬೇರು’ ಎಂದು ಸಾರಿದರೂ, ತಡೆಯುವ ಏರ್ಪಾಟು ಮೊದಲೇ ಇರದಿದ್ದರೆ, ಉಳಿದ ಸ್ವಿಚ್‌ಗಳು ಒಪ್ಪಿಕೊಂಡುಬಿಡುತ್ತವೆ.

ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯಂಥ ತಾಲೂಕು ಕೇಂದ್ರಗಳಿಗೆ ಈ ತಡೆ ಮಹಾನಗರಗಳಿಗಿಂತ ಹೆಚ್ಚು ಬೇಕು. ‘ಭೂಮಿ’ ಯೋಜನೆ ಪಹಣಿಯನ್ನು ಕಂಪ್ಯೂಟರಿಗೆ ತಂದು ಎರಡು ದಶಕ ದಾಟಿದೆ. ಆಸ್ತಿ ನೋಂದಣಿ ‘ಕಾವೇರಿ’ಯಲ್ಲಿ, ಖಜಾನೆಯ ವ್ಯವಹಾರ ‘ಖಜಾನೆ-2’ರಲ್ಲಿ, ಜಾತಿ ಮತ್ತು ಆದಾಯ ಪ್ರಮಾಣಪತ್ರ ನಾಡಕಚೇರಿಯ ತಂತ್ರಾಂಶದಲ್ಲಿ ನಡೆಯುತ್ತವೆ. ರಾಜ್ಯವ್ಯಾಪಿ ಜಾಲವಾದ ಕೆಸ್ವಾನ್ ಬೆಂಗಳೂರಿನಿಂದ ಜಿಲ್ಲಾ ಕೇಂದ್ರಕ್ಕೆ, ಅಲ್ಲಿಂದ ತಾಲೂಕಿಗೆ ಹರಿದು ಬರುತ್ತದೆ. ಈ ದೂರದ ಕೊಂಡಿಗಳೆಲ್ಲ ನೆಟ್ಟಗಿದ್ದರೂ ತಾಲೂಕು ಕಚೇರಿಯ ಕಟ್ಟಡದೊಳಗೆ ಒಂದು ಕೇಬಲ್ ಸುತ್ತಿಕೊಂಡರೆ ಕೆಲಸ ನಿಂತಿತು. ಕೌಂಟರ್ ಮುಂದೆ ನಿಂತ ರೈತನಿಗೆ ಕೇಳಿಸುವುದು ‘ಸರ್ವರ್ ಇಲ್ರಿ, ನಾಳೆ ಬರ್ರಿ’ ಎಂಬ ಮಾತು. ಸರ್ವರ್ ಮಾತ್ರ ತನ್ನ ಜಾಗದಲ್ಲಿ ಸುಖವಾಗಿಯೇ ಇರುತ್ತದೆ. ಜಾಲ ಬಲ್ಲ ಎಂಜಿನಿಯರ್ ವಿಜಯಪುರದಿಂದ ಬರಬೇಕಾದರೆ ದಾರಿಯೇ 40ರಿಂದ 80 ಕಿ.ಮೀ. ದೋಷ ಹುಟ್ಟಿದ ಪೋರ್ಟಿನಲ್ಲೇ ತಾನಾಗಿ ಬಂದಾಗುವಂತೆ ಮೊದಲೇ ಕಟ್ಟಿಡುವುದು ಅಲ್ಲಿ ಬಹಳ ದೊಡ್ಡ ಉಪಕಾರ.

ಕೇಬಲ್ ಹೀಗೆ ಸುತ್ತಿಕೊಂಡಾಗ ಹುಟ್ಟುವ ಲೂಪ್ ಯಾಕೆ ಇಷ್ಟು ಅಪಾಯಕಾರಿ ಎಂಬುದಕ್ಕೆ ಈಥರ್‌ನೆಟ್ಟಿನ ರಚನೆಯಲ್ಲೇ ಕಾರಣವಿದೆ. ಇಂಟರ್‌ನೆಟ್ ಪ್ಯಾಕೆಟ್‌ಗೆ ಆಯುಷ್ಯದ ಎಣಿಕೆ ಇರುತ್ತದೆ. ಪ್ರತಿ ರೂಟರ್ ದಾಟಿದಾಗ ಒಂದೊಂದು ಕಡಿಮೆಯಾಗಿ, ಸೊನ್ನೆಗೆ ಬಂದಾಗ ಪ್ಯಾಕೆಟ್ ಸಾಯುತ್ತದೆ. ಈಥರ್‌ನೆಟ್ ಫ್ರೇಮ್‌ಗೆ ಅಂಥ ಎಣಿಕೆಯಿಲ್ಲ. ಎಲ್ಲರಿಗೂ ಉದ್ದೇಶಿಸಿದ ಒಂದು ಬ್ರಾಡ್‌ಕಾಸ್ಟ್ ಫ್ರೇಮ್ ಲೂಪಿಗೆ ಸಿಕ್ಕರೆ ಕೇಬಲ್ ಕೀಳುವ ತನಕ ಸುತ್ತುತ್ತಲೇ ಇರುತ್ತದೆ, ಪ್ರತಿ ಸುತ್ತಿನಲ್ಲೂ ಎಲ್ಲ ಪೋರ್ಟುಗಳಿಗೆ ತನ್ನ ಪ್ರತಿ ಬಿಡುತ್ತಾ ಹೋಗುತ್ತದೆ. ಗಿಗಾಬಿಟ್ ಕೊಂಡಿಯಲ್ಲಿ 64 ಬೈಟಿನ ಫ್ರೇಮುಗಳು ಸೆಕೆಂಡಿಗೆ ಸುಮಾರು 14.88 ಲಕ್ಷದಷ್ಟು ಓಡಬಲ್ಲವು. ಆ ಮಟ್ಟ ತಲುಪಲು ಲೂಪಿಗೆ ಕೆಲವೇ ಸೆಕೆಂಡು ಸಾಕು. 2002ರ ನವೆಂಬರಿನಲ್ಲಿ ಅಮೆರಿಕದ ಬಾಸ್ಟನ್ನಿನ ಬೆತ್ ಇಸ್ರೇಲ್ ಡೀಕನೆಸ್ ಆಸ್ಪತ್ರೆಯ ಜಾಲ ಸ್ಪ್ಯಾನಿಂಗ್ ಟ್ರೀ ಕುಸಿದು ನಿಂತಾಗ, ವೈದ್ಯರು ಸುಮಾರು ನಾಲ್ಕು ದಿನ ಕಾಗದ ಮತ್ತು ಪೆನ್ನಿಗೆ ಮರಳಬೇಕಾಯಿತು. ಯೋಜನೆಯಿಲ್ಲದೆ ವರ್ಷದಿಂದ ವರ್ಷಕ್ಕೆ ಬೆಳೆದುಬಂದ ಜಾಲ ಅದು.

ಬೇರನ್ನು ಆರಿಸುವುದು

ಮರ ಹುಟ್ಟುವುದು ಬೇರಿನಿಂದ. ಪ್ರತಿ ಸ್ವಿಚ್ಚಿಗೂ ಎಂಟು ಬೈಟಿನ ಗುರುತಿರುತ್ತದೆ: ಮೊದಲ ಎರಡು ಬೈಟು ಆದ್ಯತೆ, ಉಳಿದ ಆರು ಸ್ವಿಚ್ಚಿನ ಮ್ಯಾಕ್ ವಿಳಾಸ. ಯಾರ ಗುರುತು ಅತಿ ಚಿಕ್ಕದೋ ಆ ಸ್ವಿಚ್ ರೂಟ್ ಬ್ರಿಡ್ಜ್ ಆಗುತ್ತದೆ. ಉಳಿದ ಪ್ರತಿ ಸ್ವಿಚ್ ರೂಟಿನ ಕಡೆಗೆ ಅತಿ ಕಡಿಮೆ ವೆಚ್ಚದ ದಾರಿಯನ್ನು ಇಟ್ಟುಕೊಳ್ಳುತ್ತದೆ. ಹಳೆಯ ಕೋಷ್ಟಕದಲ್ಲಿ 100 ಮೆಗಾಬಿಟ್ ಕೊಂಡಿಯ ವೆಚ್ಚ 19, ಗಿಗಾಬಿಟ್ಟಿನದು 4, 10 ಗಿಗಾಬಿಟ್ಟಿನದು 2. ಹೆಚ್ಚಾಗಿ ಉಳಿದ ಕೊಂಡಿಗಳ ಒಂದು ತುದಿ ಮುಚ್ಚಿಕೊಳ್ಳುತ್ತದೆ. ರೂಟ್ ಸಾಮಾನ್ಯವಾಗಿ ಎರಡು ಸೆಕೆಂಡಿಗೊಮ್ಮೆ ಬಿಪಿಡಿಯು ಕಳಿಸುತ್ತದೆ.

ಕಾರ್ಖಾನೆಯಿಂದ ಬರುವಾಗ ಎಲ್ಲ ಸ್ವಿಚ್‌ಗಳ ಆದ್ಯತೆಯೂ 32768. ಯಾರೂ ಅದನ್ನು ಮುಟ್ಟದಿದ್ದರೆ ನಿರ್ಧಾರ ಮ್ಯಾಕ್ ವಿಳಾಸಕ್ಕೆ ಬೀಳುತ್ತದೆ. ಒಂದೇ ಕಂಪನಿಯ ಸ್ವಿಚ್‌ಗಳಲ್ಲಿ ಹಳೆಯವಕ್ಕೆ ಚಿಕ್ಕ ವಿಳಾಸ ಇರುವುದೇ ಹೆಚ್ಚು. ಹಾಗಾಗಿ ಮೂಲೆಯ ಕೋಣೆಯಲ್ಲಿ ಧೂಳು ಹಿಡಿದು ಕೂತ, 100 ಮೆಗಾಬಿಟ್ಟಿನ ಹಳೆಯ ಸ್ವಿಚ್ಚೇ ಇಡೀ ಕಟ್ಟಡದ ಬೇರಾಗುವ ಸಾಧ್ಯತೆ ಬಹಳ. ವೇಗದ ಹೊಸ ಕೊಂಡಿ ಮುಚ್ಚಿಕೊಂಡು ಸಂಚಾರವೆಲ್ಲ ಆ ನಿಧಾನದ ಸ್ವಿಚ್ಚಿನ ಮೂಲಕ ಹಾಯುತ್ತದೆ. ತಾಲೂಕು ಕೇಂದ್ರಗಳ ಮಟ್ಟಿಗೆ ಇದು ಬರಿಯ ಊಹೆಯಲ್ಲ. ಇಂಡಿಯಿಂದ ಚಡಚಣ, ಸಿಂದಗಿಯಿಂದ ದೇವರ ಹಿಪ್ಪರಗಿ, ಮುದ್ದೇಬಿಹಾಳದಿಂದ ತಾಳಿಕೋಟಿ, ಬಸವನ ಬಾಗೇವಾಡಿಯಿಂದ ನಿಡಗುಂದಿ ಮತ್ತು ಕೊಲ್ಹಾರ ಪ್ರತ್ಯೇಕ ತಾಲೂಕುಗಳಾದ ಹಾಗೆ ಕಚೇರಿಗಳು ಹೆಚ್ಚುತ್ತವೆ, ಸರಿಯುತ್ತವೆ. ಒಂದೆಡೆ ಬಿಚ್ಚಿದ ಸ್ವಿಚ್ಚನ್ನು ಇನ್ನೊಂದೆಡೆ ಜೋಡಿಸಲಾಗುತ್ತದೆ. ಅಂಥ ಸ್ವಿಚ್ ತನ್ನ ಹಳೆಯ ಮನೆಯ ಆದ್ಯತೆಯನ್ನು ಹೊತ್ತೇ ಬರುತ್ತದೆ. ಬೇರೆಡೆಯಿಂದ ತಂದ ಸ್ವಿಚ್ಚನ್ನು ಜಾಲಕ್ಕೆ ಸಿಕ್ಕಿಸುವ ಮುನ್ನ ಅದರ ಹಳೆಯ ಸಂರಚನೆಯನ್ನು ಪೂರ್ತಿ ಅಳಿಸಬೇಕು.

ರೂಟ್ ಯಾವುದಾಗಬೇಕೆಂದು ಮನುಷ್ಯರೇ ತೀರ್ಮಾನಿಸಬೇಕು. ಕಟ್ಟಡದ ರೂಟರಿಗೆ ಹತ್ತಿರದ, ವೇಗದ, ಎಲ್ಲಕ್ಕಿಂತ ಹೆಚ್ಚಾಗಿ ಗಟ್ಟಿ ಯುಪಿಎಸ್ ಇರುವ ಸ್ವಿಚ್ ಆ ಜಾಗಕ್ಕೆ ತಕ್ಕದ್ದು. ಬೇಸಿಗೆಯಲ್ಲಿ ತಾಪ 40 ಡಿಗ್ರಿ ದಾಟುವ, ಕರೆಂಟ್ ಹೋಗಿಬರುವ ಊರುಗಳಲ್ಲಿ ಯುಪಿಎಸ್ ಮಾತು ಸಣ್ಣದಲ್ಲ. ರೂಟ್ ಆರಿದಾಗ ಮರ ಒಮ್ಮೆ ಹೊಸದಾಗಿ ಕಟ್ಟಿಕೊಳ್ಳುತ್ತದೆ. ಅದು ಮತ್ತೆ ಚಾಲೂ ಆಗಿ ತನ್ನ ಸ್ಥಾನ ಕೇಳಿದಾಗ ಇನ್ನೊಮ್ಮೆ. ಹಳೆಯ 802.1ಡಿ ಲೆಕ್ಕದಲ್ಲಿ ಒಂದು ಬದಲಾವಣೆಗೆ 30ರಿಂದ 50 ಸೆಕೆಂಡು. ಆದ್ಯತೆಯನ್ನು 4096ರ ಮೆಟ್ಟಿಲುಗಳಲ್ಲಿ 0ಯಿಂದ 61440ರ ತನಕ ಕೊಡಬಹುದು. ಮುಖ್ಯ ಸ್ವಿಚ್ಚಿಗೆ 4096, ಅದು ಕೆಟ್ಟರೆ ಜಾಗ ತುಂಬುವ ಎರಡನೆಯದಕ್ಕೆ 8192, ಉಳಿದವಕ್ಕೆ 32768 ಎಂದು ಅಂಕಿಯಲ್ಲೇ ಬರೆಯುವುದು ಲೇಸು. ಸಿಸ್ಕೊ ಸ್ವಿಚ್‌ಗಳಲ್ಲಿರುವ ‘ರೂಟ್ ಪ್ರೈಮರಿ’ ಆದೇಶ ಅದೇ ಕೆಲಸ ಮಾಡಿದಂತೆ ಕಂಡರೂ, ಆ ಕ್ಷಣದ ಸ್ಥಿತಿ ನೋಡಿ ಒಂದು ಅಂಕಿ ಬರೆದು ಸುಮ್ಮನಾಗುತ್ತದೆ. ನಾಳೆ ಇನ್ನೂ ಚಿಕ್ಕ ಅಂಕಿಯ ಸ್ವಿಚ್ ಬಂದರೆ ಈ ಆದೇಶ ಎಚ್ಚರವಾಗುವುದಿಲ್ಲ.

ಆದ್ಯತೆಗೆ 0 ಕೊಟ್ಟರೂ ಬೇರು ಭದ್ರವೆಂದಲ್ಲ. ಇನ್ನೊಂದು ಸಾಧನವೂ 0 ಎಂದು ಸಾರಿ, ಅದರ ಮ್ಯಾಕ್ ವಿಳಾಸ ಚಿಕ್ಕದಿದ್ದರೆ ಬೇರು ಅದರ ಕೈ ಸೇರುತ್ತದೆ. ಯೆರ್ಸಿನಿಯಾದಂಥ ಉಚಿತ ತಂತ್ರಾಂಶಗಳು ಒಂದು ಲ್ಯಾಪ್‌ಟಾಪಿನಿಂದ ಇಂಥ ಸುಳ್ಳು ಬಿಪಿಡಿಯು ಕಳಿಸಬಲ್ಲವು. ಎರಡು ಸ್ವಿಚ್‌ಗಳಿಗೆ ಜೋಡಿಸಿಕೊಂಡ ಅಂಥ ಯಂತ್ರದ ಮೂಲಕ ಕಟ್ಟಡದ ಸಂಚಾರವೇ ಹಾಯುವಂತೆ ಮಾಡಬಹುದು. ಆದ್ಯತೆ ಬೇರನ್ನು ಆರಿಸುತ್ತದೆ ಅಷ್ಟೆ. ಕಾಯುವುದು ರೂಟ್ ಗಾರ್ಡಿನ ಕೆಲಸ.

ರೂಟ್ ಗಾರ್ಡ್ ಹಾಕಿದ ಪೋರ್ಟಿನಿಂದ ತನ್ನ ರೂಟಿಗಿಂತ ಮೇಲೆನ್ನುವ ಬಿಪಿಡಿಯು ಬಂದರೆ ಸ್ವಿಚ್ ಆ ಪೋರ್ಟಿನ ಸಂಚಾರ ನಿಲ್ಲಿಸುತ್ತದೆ. ಸುಳ್ಳು ಸಂದೇಶ ನಿಂತ ಮೇಲೆ ಪೋರ್ಟ್ ತಾನೇ ತೆರೆದುಕೊಳ್ಳುತ್ತದೆ, ಯಾರೂ ಬಂದು ಎಬ್ಬಿಸಬೇಕಿಲ್ಲ. ರೂಟ್ ಸ್ವಿಚ್ಚಿನಿಂದ ಮಹಡಿಯ ಸ್ವಿಚ್‌ಗಳ ಕಡೆಗೆ ಇಳಿಯುವ ಪೋರ್ಟುಗಳು ಇದರ ಜಾಗ. ಇಲ್ಲಿ ಬಹಳ ಮಂದಿ ಮುಗ್ಗರಿಸುವ ಒಂದು ತಿರುವಿದೆ. ಮೊದಲ ಸ್ವಿಚ್, ಎರಡನೆಯ ಸ್ವಿಚ್, ಎರಡಕ್ಕೂ ಜೋಡಿಸಿಕೊಂಡ ಒಂದು ಮಹಡಿಯ ಸ್ವಿಚ್ ಎಂದು ತ್ರಿಕೋನವಿದ್ದಾಗ, ಮೊದಲೆರಡರ ನಡುವಿನ ಕೊಂಡಿ ಕಡಿದರೆ ನಿಜವಾದ ರೂಟಿನ ಬಿಪಿಡಿಯು ಎರಡನೆಯದಕ್ಕೆ ಮಹಡಿಯ ಸ್ವಿಚ್ಚಿನ ಮೂಲಕವೇ ತಲುಪಬೇಕು. ಆ ಪೋರ್ಟಿಗೆ ರೂಟ್ ಗಾರ್ಡ್ ಹಾಕಿದ್ದರೆ ಸ್ವಿಚ್ ಅದನ್ನು ಅತಿಕ್ರಮಣವೆಂದೇ ಬಗೆದು ಬಾಗಿಲು ಮುಚ್ಚುತ್ತದೆ. ಎರಡನೆಯ ಸ್ವಿಚ್ ಒಂಟಿಯಾಗಿ ನಿಲ್ಲುತ್ತದೆ. ಅದಕ್ಕಾಗಿ ಮೊದಲೆರಡರ ನಡುವೆ ಬೇರೆಬೇರೆ ದಾರಿ ಹಿಡಿದ ಎರಡು ಕೇಬಲ್ ಎಳೆದು, ಎಲ್‌ಎಸಿಪಿ ಮೂಲಕ ಒಂದೇ ಕೊಂಡಿಯಾಗಿ ಕಟ್ಟಬೇಕು. ಅದು ಸಾಧ್ಯವಿಲ್ಲದ ಚಿಕ್ಕ ಕಚೇರಿಯಲ್ಲಿ ರೂಟ್ ಸ್ವಿಚ್ಚಿನ ಪೋರ್ಟುಗಳಿಗಷ್ಟೇ ರೂಟ್ ಗಾರ್ಡ್ ಹಾಕಿ, ಎರಡನೆಯದರ ಜೋಡು ದಾರಿಯ ಪೋರ್ಟುಗಳನ್ನು ಬಿಟ್ಟರೆ ಕ್ಷೇಮ.

ಟೇಬಲ್ ಬದಿಯ ಪೋರ್ಟುಗಳು

ದುರುದ್ದೇಶದ ದಾಳಿ ತಾಲೂಕು ಊರಿನಲ್ಲಿ ಅಪರೂಪ. ನಿತ್ಯದ ತೊಂದರೆ ಹುಟ್ಟುವುದು ಟೇಬಲ್ ಕೆಳಗೆ. ಗೋಡೆಯಲ್ಲಿ ಒಂದೇ ಪಾಯಿಂಟ್ ಇದೆ, ಕೋಣೆಯಲ್ಲಿ ಮೂರು ಕಂಪ್ಯೂಟರ್, ಒಂದು ಪ್ರಿಂಟರ್, ಬಾಗಿಲಲ್ಲಿ ಬಯೋಮೆಟ್ರಿಕ್ ಯಂತ್ರ. ಪೇಟೆಯಿಂದ ಐದು ಪೋರ್ಟಿನ ಪುಟ್ಟ ಸ್ವಿಚ್ ತಂದು ಸಿಕ್ಕಿಸಲಾಗುತ್ತದೆ. ಕಸ ಗುಡಿಸುವಾಗ ಜಾರಿದ ಕೇಬಲ್ಲಿನ ತುದಿಯನ್ನು ಯಾರೋ ಒಳ್ಳೆಯ ಮನಸ್ಸಿನಿಂದ ಖಾಲಿ ಕಂಡ ತೂತಿಗೆ ಹಾಕುತ್ತಾರೆ. ಅದರ ಇನ್ನೊಂದು ತುದಿಯೂ ಅದೇ ಸ್ವಿಚ್ಚಿನಲ್ಲಿರುತ್ತದೆ. ಐಪಿ ಫೋನಿಗೆ ಎರಡು ತೂತು ಇರುವುದರಿಂದ ಎರಡನ್ನೂ ಗೋಡೆಗೆ ಜೋಡಿಸಿದಾಗಲೂ ಇದೇ ಫಲ. ಕಾಲೇಜುಗಳ ಕಂಪ್ಯೂಟರ್ ಲ್ಯಾಬ್, ಬ್ಯಾಂಕ್ ಶಾಖೆ, ಆಸ್ಪತ್ರೆ, ಎಲ್ಲೆಡೆಯೂ ಇದೇ ಕಥೆ.

ಕಂಪ್ಯೂಟರ್, ಪ್ರಿಂಟರ್, ಕ್ಯಾಮೆರಾ ಮಾತ್ರ ಬರಬೇಕಾದ ಪೋರ್ಟುಗಳನ್ನು ಎಡ್ಜ್ ಪೋರ್ಟ್ ಎಂದು ಗುರುತಿಸಬೇಕು. ಸಿಸ್ಕೊದಲ್ಲಿ ಇದಕ್ಕೆ ಪೋರ್ಟ್‌ಫಾಸ್ಟ್ ಎನ್ನುತ್ತಾರೆ. ಹೀಗೆ ಗುರುತಿಸಿದ ಪೋರ್ಟ್ ಕೇಬಲ್ ಹಾಕಿದೊಡನೆ ಸಂಚಾರಕ್ಕೆ ತೆರೆಯುತ್ತದೆ. ಎರಡನೆಯ ಲಾಭ ಹೆಸ್ಕಾಂ ಕರೆಂಟಿನ ಸೀಮೆಯವರಿಗೆ ಬೇಗ ಅರ್ಥವಾಗುತ್ತದೆ. ಎಡ್ಜ್ ಎಂದು ಗುರುತಿಸದ ಪೋರ್ಟಿನ ಕಂಪ್ಯೂಟರ್ ಚಾಲೂ ಆದರೆ ಸ್ವಿಚ್ ಅದನ್ನು ಮರದ ಆಕಾರವೇ ಬದಲಾದಂತೆ ಬಗೆದು ಎಲ್ಲರಿಗೂ ಸಾರುತ್ತದೆ. ಆ ಸುದ್ದಿ ಬಂದೊಡನೆ ಉಳಿದ ಸ್ವಿಚ್‌ಗಳು, ಯಾವ ಯಂತ್ರ ಯಾವ ಪೋರ್ಟಿನಲ್ಲಿದೆ ಎಂಬ ತಮ್ಮ ಕೋಷ್ಟಕವನ್ನು ಬೇಗಬೇಗ ಮರೆಯುತ್ತವೆ: ಸಾಮಾನ್ಯವಾಗಿ 300 ಸೆಕೆಂಡು ಉಳಿಯುವ ನೆನಪು ಹಳೆಯ ವಿಧಾನದಲ್ಲಿ 15ಕ್ಕೆ ಇಳಿಯುತ್ತದೆ, ರ‍್ಯಾಪಿಡ್‌ನಲ್ಲಿ ಆ ಕ್ಷಣವೇ ಅಳಿಯುತ್ತದೆ. ಗೊತ್ತಿಲ್ಲದ ವಿಳಾಸದ ಫ್ರೇಮುಗಳು ಆಗ ಎಲ್ಲ ಪೋರ್ಟುಗಳಿಗೂ ಹರಿಯುತ್ತವೆ. ಕರೆಂಟ್ ಮರಳಿದಾಗ ಒಂದು ಲ್ಯಾಬಿನ ಎಲ್ಲ ಕಂಪ್ಯೂಟರ್‌ಗಳೂ ಒಟ್ಟಿಗೇ ಏಳುತ್ತವೆ ಎಂಬುದನ್ನು ನೆನೆದರೆ ಜಾಲ ಆ ಹೊತ್ತಿನಲ್ಲಿ ಯಾಕೆ ತೆವಳುತ್ತದೆಂದು ಹೇಳಬೇಕಿಲ್ಲ.

ಎಡ್ಜ್ ಪೋರ್ಟಿಗೆ ಬಿಪಿಡಿಯು ಗಾರ್ಡ್ ಕಡ್ಡಾಯ. ಅಂಥ ಪೋರ್ಟಿಗೆ ಯಾವುದೇ ಬಿಪಿಡಿಯು ಬಂದರೂ ಅದು ಸಂಪೂರ್ಣ ಬಂದ್ ಆಗುತ್ತದೆ. ಪುಟ್ಟ ಸ್ವಿಚ್ ತಾನಾಗಿ ಬಿಪಿಡಿಯು ಕಳಿಸದಿದ್ದರೂ ಹೆಚ್ಚಿನ ಸಲ ಈ ಕಾವಲು ಫಲಿಸುತ್ತದೆ: ಮೇಲಿನ ಸ್ವಿಚ್ ಬಿಟ್ಟ ಬಿಪಿಡಿಯು ಆ ಪುಟ್ಟ ಸ್ವಿಚ್ಚಿನ ಲೂಪಿನಲ್ಲಿ ಸುತ್ತಿ ತಾನು ಹೊರಟ ಪೋರ್ಟಿಗೇ ಮರಳುತ್ತದೆ. ಕೆಲವು ಅಗ್ಗದ ಸ್ವಿಚ್‌ಗಳು ಬಿಪಿಡಿಯುವನ್ನು ನುಂಗಿಬಿಡುತ್ತವೆ. ಬ್ರಾಡ್‌ಕಾಸ್ಟನ್ನು ಮಾತ್ರ ಸುತ್ತಿಸುತ್ತವೆ. ಅಲ್ಲಿ ಬಿಪಿಡಿಯು ಗಾರ್ಡ್ ಕುರುಡು. ಆದ್ದರಿಂದ ಅದರ ಜೊತೆಗೆ ಬ್ರಾಡ್‌ಕಾಸ್ಟಿಗೆ ಮಿತಿ ಹಾಕುವ ಸ್ಟಾರ್ಮ್ ಕಂಟ್ರೋಲ್ ಬೇಕು. ಇದ್ದರೆ ಲೂಪ್‌ಬ್ಯಾಕ್ ಡಿಟೆಕ್ಷನ್ ಕೂಡ. ಗಿಗಾಬಿಟ್ ಪೋರ್ಟಿನಲ್ಲಿ ಬ್ರಾಡ್‌ಕಾಸ್ಟಿಗೆ ಶೇ. 1ರ ಮಿತಿ ಎಂದರೆ ಸೆಕೆಂಡಿಗೆ 10 ಮೆಗಾಬಿಟ್. ಮೇಜಿನ ಕಂಪ್ಯೂಟರಿಗೆ ಅದು ಧಾರಾಳ. ಕೆಲವು ದಿನ ಎಚ್ಚರಿಕೆಯನ್ನಷ್ಟೇ ದಾಖಲಿಸುವಂತೆ ಇಟ್ಟು, ಆಮೇಲೆ ಪೋರ್ಟ್ ಮುಚ್ಚುವಂತೆ ಬದಲಿಸಬಹುದು.

ಬಂದ್ ಆದ ಪೋರ್ಟನ್ನು ಯಾರು ಎಬ್ಬಿಸಬೇಕು? ಸಿಸ್ಕೊ ಸ್ವಿಚ್‌ನಲ್ಲಿ ತಾನಾಗಿ ಏಳುವ ಸೌಕರ್ಯ ಮೊದಲಿಗೆ ಆರಿರುತ್ತದೆ; ಹಚ್ಚಿದರೆ 300 ಸೆಕೆಂಡಿಗೊಮ್ಮೆ ಪ್ರಯತ್ನಿಸುತ್ತದೆ. ಪಕ್ಕದಲ್ಲೇ ತಂತ್ರಜ್ಞರಿರುವ ಕಡೆ ಅದನ್ನು ಆರಿಸಿಡುವುದು ಸರಿ, ಕಾರಣ ತಿಳಿದ ಮೇಲೆಯೇ ಪೋರ್ಟ್ ತೆರೆದಂತಾಗುತ್ತದೆ. ಮುದ್ದೇಬಿಹಾಳಕ್ಕೋ ಸಿಂದಗಿಗೋ ಹೊರಗಿನಿಂದ ಬರಬೇಕಾದ ಕಡೆ ಹಚ್ಚಿಡುವುದೇ ಒಳ್ಳೆಯದು. ಆದರೆ ಅವಧಿ 1800 ಸೆಕೆಂಡು ಇರಲಿ. ಲೂಪ್ ಇನ್ನೂ ಇದ್ದರೆ ಐದೈದು ನಿಮಿಷಕ್ಕೆ ಜಾಲ ಬೆಚ್ಚುವುದು ಇದರಿಂದ ತಪ್ಪುತ್ತದೆ.

ಬಿಪಿಡಿಯು ಫಿಲ್ಟರ್ ಎಂಬ ಇನ್ನೊಂದು ಆದೇಶವಿದೆ. ಹೆಸರು ಹತ್ತಿರ, ಗುಣ ತದ್ವಿರುದ್ಧ. ಪೋರ್ಟಿಗೆ ನೇರವಾಗಿ ಹಾಕಿದರೆ ಅದು ಬಿಪಿಡಿಯು ಕಳಿಸುವುದನ್ನೂ ಕೇಳುವುದನ್ನೂ ನಿಲ್ಲಿಸುತ್ತದೆ. ಅಂದರೆ ಆ ಪೋರ್ಟಿನಲ್ಲಿ ಸ್ಪ್ಯಾನಿಂಗ್ ಟ್ರೀಯೇ ಇಲ್ಲ. ಪದೇ ಪದೇ ಬಂದ್ ಆಗುವ ಪೋರ್ಟಿನ ಕಾಟ ತಪ್ಪಿಸಲು ಇದನ್ನು ಹಾಕುವುದು ಹೊಗೆಯ ಗಂಟೆಯ ತಂತಿ ಕತ್ತರಿಸುವ ಕೆಲಸ. ಕಟ್ಟಡದೊಳಗಿನ ಪೋರ್ಟುಗಳಲ್ಲಿ ಅದು ಕಂಡರೆ ತೆಗೆಯಲೇಬೇಕು.

ಫೈಬರ್ ಮತ್ತು ಮೌನ

ಇಲ್ಲಿಯ ತನಕದ ಕಾವಲುಗಳು ಬರಬಾರದ ಬಿಪಿಡಿಯು ಬಂದಾಗಿನವು. ಬರಬೇಕಾದದ್ದು ಬರದಿದ್ದರೂ ಮರ ಮುರಿಯುತ್ತದೆ. ಮುಚ್ಚಿದ ಪೋರ್ಟ್ ಮುಚ್ಚಿಯೇ ಇರುವುದು ಆಚೆಯಿಂದ ಬಿಪಿಡಿಯು ಕೇಳುತ್ತಿರುವ ತನಕ. ಹಳೆಯ ವಿಧಾನದಲ್ಲಿ 20 ಸೆಕೆಂಡು, ರ‍್ಯಾಪಿಡ್‌ನಲ್ಲಿ ಮೂರು ಸಂದೇಶದ ಹೊತ್ತು, ಎಂದರೆ 6 ಸೆಕೆಂಡು ಮೌನವಾದರೆ, ಆಚೆ ಯಾರೂ ಇಲ್ಲವೆಂದು ತಿಳಿದು ಅದು ತೆರೆದುಕೊಳ್ಳಲು ಹೊರಡುತ್ತದೆ. ಫೈಬರಿನಲ್ಲಿ ಹೋಗುವ ಎಳೆ, ಬರುವ ಎಳೆ ಬೇರೆಬೇರೆ. ಒಂದು ಎಳೆ ಮಾತ್ರ ಕಡಿದರೆ ಈ ಕಡೆ ಮೌನ, ಆ ಕಡೆ ಸಂಚಾರ. ಪೋರ್ಟ್ ತೆರೆಯಿತೆಂದರೆ ಲೂಪ್ ಆಯಿತು. ತಾಮ್ರದ ಕೇಬಲ್ 100 ಮೀಟರಿಗೆ ಮುಗಿಯುವುದರಿಂದ ಒಂದೇ ಆವರಣದ ಎರಡು ಕಟ್ಟಡಗಳ ನಡುವೆ ಫೈಬರ್ ಎಳೆದು, ಎರಡೂ ಕಡೆ ಮೀಡಿಯಾ ಕನ್ವರ್ಟರ್ ಇಡುವುದು ಸಣ್ಣ ಊರುಗಳ ರೂಢಿ. ಅಗ್ಗದ ಕನ್ವರ್ಟರ್ ದೋಷವನ್ನು ಇನ್ನಷ್ಟು ಮರೆಮಾಡುತ್ತದೆ: ಫೈಬರ್ ಕಡಿದರೂ ಸ್ವಿಚ್ಚಿನ ಕಡೆಯ ದೀಪ ಹಸಿರಾಗಿಯೇ ಉಳಿಯುತ್ತದೆ.

ಇದಕ್ಕೆ ಎರಡು ಕಾವಲು. ಲೂಪ್ ಗಾರ್ಡ್ ಹಾಕಿದ ಪೋರ್ಟ್ ಬಿಪಿಡಿಯು ನಿಂತರೆ ತೆರೆಯುವ ಬದಲು ಮುಚ್ಚಿಯೇ ಕಾಯುತ್ತದೆ. ಯುಡಿಎಲ್‌ಡಿ ಎರಡೂ ತುದಿಗಳ ಮಾತು ಪರಸ್ಪರ ಕೇಳಿಸುತ್ತಿದೆಯೇ ಎಂದು ನೋಡುತ್ತದೆ. ಸಿಸ್ಕೊ ರೂಪಿಸಿದ ಇದರ ವಿವರ ಆರ್‌ಎಫ್‌ಸಿ 5171ರಲ್ಲಿದೆ, ಹುವಾವೇ ಸ್ವಿಚ್‌ಗಳಲ್ಲಿ ಇದೇ ಕೆಲಸಕ್ಕೆ ಡಿಎಲ್‌ಡಿಪಿ ಇದೆ. ಮೊದಲ ದಿನದಿಂದಲೇ ತಪ್ಪಾಗಿ ಜೋಡಿಸಿದ ಕೊಂಡಿಯನ್ನು ಲೂಪ್ ಗಾರ್ಡ್ ಹಿಡಿಯಲಾರದು, ಯಾಕೆಂದರೆ ಅದು ಒಮ್ಮೆಯೂ ಬಿಪಿಡಿಯು ಕೇಳಿರುವುದಿಲ್ಲ. ಆದ್ದರಿಂದ ಫೈಬರಿಗೆ ಎರಡೂ ಇರಲಿ. ಲೂಪ್ ಗಾರ್ಡ್ ಇರಬೇಕಾದ್ದು ರೂಟಿನ ಕಡೆ ಮುಖ ಮಾಡಿದ ಮತ್ತು ಮುಚ್ಚಿದ ಪೋರ್ಟುಗಳಲ್ಲಿ, ರೂಟ್ ಗಾರ್ಡ್ ಅದರ ಎದುರು ತುದಿಯಲ್ಲಿ. ಎರಡನ್ನೂ ಒಂದೇ ಪೋರ್ಟಿಗೆ ಹಾಕಲು ಬರುವುದಿಲ್ಲ.

ಬೇರೆಬೇರೆ ವರ್ಷಗಳ ಟೆಂಡರಿನಲ್ಲಿ ಬೇರೆಬೇರೆ ಕಂಪನಿಯ ಸ್ವಿಚ್ ಬಂದು ಕೂತ ಕಚೇರಿಗಳಲ್ಲಿ ಭಾಷೆಯ ತೊಡಕೂ ಇದೆ. ಸಿಸ್ಕೊ ಪ್ರತಿ ವಿಲ್ಯಾನಿಗೂ, ಎಂದರೆ ಒಂದೇ ಸ್ವಿಚ್ ಜಾಲದೊಳಗೆ ಬೇರ್ಪಡಿಸಿದ ಪ್ರತಿ ಉಪಜಾಲಕ್ಕೂ, ಒಂದೊಂದು ಮರ ಬೆಳೆಸುತ್ತದೆ, ಆ ಸಂದೇಶಗಳನ್ನು ತನ್ನದೇ ವಿಳಾಸಕ್ಕೆ ಕಳಿಸುತ್ತದೆ. ಹಲವು ಕಂಪನಿಗಳ ಸ್ವಿಚ್‌ಗಳಿಗೆ ಅದು ಅರ್ಥವಾಗದ ಸಾಮಾನ್ಯ ಫ್ರೇಮ್. ಇಂಥ ಕಡೆ ಎಲ್ಲದರಲ್ಲೂ ಮಾನಕದ ರ‍್ಯಾಪಿಡ್ ಅಥವಾ ಮಲ್ಟಿಪಲ್ ಸ್ಪ್ಯಾನಿಂಗ್ ಟ್ರೀಯನ್ನೇ ಓಡಿಸುವುದು ಜಾಣತನ. ಮಲ್ಟಿಪಲ್ ಆರಿಸಿದರೆ ವಲಯದ ಹೆಸರು, ಪರಿಷ್ಕರಣೆಯ ಸಂಖ್ಯೆ, ವಿಲ್ಯಾನ್ ಹಂಚಿಕೆ ಮೂರೂ ಪ್ರತಿ ಸ್ವಿಚ್ಚಿನಲ್ಲಿ ಅಕ್ಷರಶಃ ಒಂದೇ ಆಗಿರಬೇಕು.

ಮರ ಕಟ್ಟಡದ ಗೋಡೆ ದಾಟಿ ಊರಿಂದೂರಿಗೆ ಹಬ್ಬಬಾರದು. ತಾಲೂಕು ಮತ್ತು ಜಿಲ್ಲಾ ಕೇಂದ್ರದ ನಡುವೆ ರೂಟರ್ ನಿಂತಿದ್ದರೆ ಬಿಪಿಡಿಯುವೂ ಬ್ರಾಡ್‌ಕಾಸ್ಟೂ ಅಲ್ಲಿಗೇ ನಿಲ್ಲುತ್ತವೆ. ಸಹಕಾರಿ ಸಂಘಗಳು, ಖಾಸಗಿ ಆಸ್ಪತ್ರೆಗಳು ಎರಡು ಶಾಖೆಗಳ ನಡುವೆ ಈಥರ್‌ನೆಟ್ ಕೊಂಡಿಯನ್ನೇ ಬಾಡಿಗೆಗೆ ಪಡೆದು ನೇರ ಸ್ವಿಚ್ಚಿಗೆ ಸಿಕ್ಕಿಸಿದರೆ, ಇಂಡಿಯ ಶಾಖೆಯ ಟೇಬಲ್ ಕೆಳಗಿನ ಲೂಪ್ ಬಸವನ ಬಾಗೇವಾಡಿಯ ಶಾಖೆಯನ್ನೂ ಕೆಡವುತ್ತದೆ. ಆ ಕೊಂಡಿಯ ಎರಡೂ ತುದಿ ರೂಟರ್ ಪೋರ್ಟಿನಲ್ಲಿರಬೇಕು.

ಜೋಡಿಸುವ ಸರದಿ

ಮೊದಲು ನಕ್ಷೆ. ಪ್ರತಿ ಸ್ವಿಚ್ಚಿನಲ್ಲಿ ‘ಶೋ ಸ್ಪ್ಯಾನಿಂಗ್-ಟ್ರೀ’ ಓಡಿಸಿ ಈಗಿನ ರೂಟ್ ಯಾವುದು, ಯಾವ ಪೋರ್ಟುಗಳು ಮುಚ್ಚಿವೆ ಎಂದು ಬರೆದಿಡಬೇಕು, ಕೇಬಲ್ಲಿನ ಎರಡೂ ತುದಿಗೆ ಚೀಟಿ ಅಂಟಿಸಬೇಕು. ಜಾಲದ ಒಂದು ತುದಿಯಿಂದ ಇನ್ನೊಂದು ತುದಿಯ ತನಕ ಏಳಕ್ಕಿಂತ ಹೆಚ್ಚು ಸ್ವಿಚ್ ಸಾಲಾಗಿ ಸಿಕ್ಕರೆ, ಮೊದಲು ಆ ಸಾಲು ಮುರಿಯಬೇಕು. ಹಳೆಯ ವಿಧಾನದ ಕಾಲಮಿತಿಗಳನ್ನು ಲೆಕ್ಕಹಾಕಿರುವುದು ಏಳರ ಮೇಲೆ. ಆದ್ಯತೆ ಬದಲಿಸಿದಾಗ ಮರ ಹೊಸದಾಗಿ ಕಟ್ಟಿಕೊಳ್ಳುವುದರಿಂದ ಆ ಕೆಲಸ ರಜೆಯ ದಿನಕ್ಕೆ. ಅದು ನೆಲೆಯಾದ ಮೇಲೆ ರೂಟ್ ಗಾರ್ಡ್, ಬಳಿಕ ಎಡ್ಜ್ ಮತ್ತು ಬಿಪಿಡಿಯು ಗಾರ್ಡ್, ಕೊನೆಗೆ ಲೂಪ್ ಗಾರ್ಡ್. ಬಳಸದ ಪೋರ್ಟುಗಳು ಬಂದ್ ಇರಲಿ. ಎಲ್ಲ ಮುಗಿದ ಮೇಲೆ, ಅದೇ ರಜೆಯ ದಿನ, ಒಂದು ಪುಟ್ಟ ಸ್ವಿಚ್ಚಿನಲ್ಲಿ ಬೇಕೆಂದೇ ಲೂಪ್ ಮಾಡಿ ಗೋಡೆಗೆ ಸಿಕ್ಕಿಸಿ ನೋಡಬೇಕು. ಪೋರ್ಟ್ ಬಂದ್ ಆಗಿ ಪಕ್ಕದ ಕೋಣೆಗೆ ಏನೂ ತಿಳಿಯದಿದ್ದರೆ ಕಾವಲು ಸರಿಯಿದೆ.

ಇಷ್ಟಾಗಿಯೂ ಜಾಲ ನಿಂತರೆ ಗುರುತು ಸುಲಭ: ಎಲ್ಲ ಪೋರ್ಟುಗಳ ದೀಪಗಳು ಒಟ್ಟಿಗೆ ಬಿಡುವಿಲ್ಲದೆ ಮಿನುಗುತ್ತವೆ, ಒಂದೇ ಮ್ಯಾಕ್ ವಿಳಾಸ ಪೋರ್ಟಿನಿಂದ ಪೋರ್ಟಿಗೆ ಜಿಗಿಯುತ್ತಿದೆ ಎಂಬ ಸಾಲುಗಳು ದಾಖಲೆಯಲ್ಲಿ ಸುರಿಯುತ್ತವೆ. ಆಗ ಎಲ್ಲ ಸ್ವಿಚ್ ಆರಿಸಿ ಹಚ್ಚುವುದು ತಪ್ಪು. ಸ್ವಿಚ್ಚಿನೊಳಗೇ ಉಳಿದ ದಾಖಲೆ ಅಳಿಯುತ್ತದೆ, ಲೂಪ್ ಹಾಗೇ ಇರುತ್ತದೆ. ಮುಖ್ಯ ಸ್ವಿಚ್ಚಿನಿಂದ ಮಹಡಿಗಳಿಗೆ ಹೋಗುವ ಕೇಬಲ್ಲುಗಳನ್ನು ಒಂದೊಂದಾಗಿ ಕಿತ್ತು ನೋಡಬೇಕು. ಯಾವುದನ್ನು ಕಿತ್ತಾಗ ಉಳಿದವು ತಣ್ಣಗಾದವೋ ದೋಷ ಆ ಕಡೆಗಿದೆ; ಅದರ ತುದಿಯ ಸ್ವಿಚ್ಚಿಗೆ ಹೋಗಿ ಮತ್ತೆ ಹಾಗೆಯೇ ಕೋಣೆಯ ತನಕ ಇಳಿಯಬೇಕು. ಇದನ್ನು ಮಾಡಲು ಎಂಜಿನಿಯರೇ ಬೇಕಿಲ್ಲ. ಚೀಟಿ ಅಂಟಿಸಿದ ಕೇಬಲ್ಲು, ಗೋಡೆಯ ಮೇಲೊಂದು ನಕ್ಷೆ ಇದ್ದರೆ ಫೋನಿನಲ್ಲಿ ಹೇಳಿಸಿಕೊಂಡು ಕಚೇರಿಯ ಸಿಬ್ಬಂದಿಯೇ ಮಾಡಬಹುದು.

ಬದಲಿಗೆಂದು ಇಟ್ಟ ಸ್ವಿಚ್ಚಿನಲ್ಲೂ ಇದೇ ಸಂರಚನೆ ಮೊದಲೇ ತುಂಬಿರಬೇಕು. ಕೆಲವು ಕಂಪನಿಗಳ ಸ್ವಿಚ್‌ಗಳು ಕಾರ್ಖಾನೆಯಿಂದ ಬರುವಾಗ ಸ್ಪ್ಯಾನಿಂಗ್ ಟ್ರೀ ಆರಿಸಿದ ಸ್ಥಿತಿಯಲ್ಲೇ ಬರುತ್ತವೆ; ಕೆಟ್ಟ ಸ್ವಿಚ್ಚಿನ ಜೋಡು ಕೇಬಲ್ಲುಗಳನ್ನು ಅವಸರದಲ್ಲಿ ಅಂಥದಕ್ಕೆ ಸಿಕ್ಕಿಸಿದರೆ, ಎರಡನೆಯ ಕೇಬಲ್ ಒಳಗೆ ಕೂತ ಕ್ಷಣವೇ ಲೂಪ್ ಹುಟ್ಟುತ್ತದೆ.